ಉದ್ದನೆಯ ಲೇಬಲ್‌ಗಳು

“ಏನಮ್ಮ ಇದು, ಕೋಡೋ ಲಗ್ನಪತ್ರಿಕೆಯೋ?” ಎಂದು ಟೀಮ್ ಲೀಡ್ ಎಲ್ಲರೆದುರು ನಕ್ಕಿದ್ದ. ಯುಗಾದಿಗೆ ಕೆಲಸಕ್ಕೆ ಸೇರಿ, ದಸರಾ ಕಳೆದರೂ ಅವನಿಗಿನ್ನೂ ‘ಹೊಸ ಹುಡುಗಿ’ಯೇ ಆಗಿದ್ದವಳು ಮಾಡಿದ್ದಿಷ್ಟೆ. ಕೋಡಿನಲ್ಲಿ ಸಂದೇಶ ಕಳಿಸುವ ಭಾಗಕ್ಕೆ ಕೊಡುವ ಒಂದೊಂದು ಮಾಹಿತಿಯ ಮುಂದೆಯೂ ‘ಯಾರಿಂದ’, ‘ಯಾರಿಗೆ’, ‘ಯಾವ ದಿನ’ ಎಂದು ಲೇಬಲ್ ಹಚ್ಚಿದ್ದಳು. ಅವನ್ನು ಕಿತ್ತುಹಾಕಿಸುವಷ್ಟರಲ್ಲಿ ಕೋಡ್ ಕ್ಲೈಂಟ್ ಕಂಪನಿಗೆ ಹೋಗಿಬಿಟ್ಟಿತ್ತು.

ಮರುದಿನ ಅಲ್ಲಿಂದ ಫೋನ್ ಬಂತು. ಪಕ್ಕದಲ್ಲಿ ಕೂತಿದ್ದ ಹುಡುಗಿಗೂ ಕೇಳಲಿ ಎಂದೇ ಅವನು ಸ್ಪೀಕರ್ ಹಾಕಿದ.

“ಸಾರ್, ನಾನು ಇಲ್ಲಿ ಪ್ರೋಗ್ರಾಮರ್. ಇಷ್ಟೊಂದು ಲೇಬಲ್ ಹಾಕಿರೋದು ಯಾರು, ನೀವೇನಾ?” ಎಂದಿತು ಒಂದು ಹೆಣ್ಣುದನಿ.

“ಛೇ ಛೇ, ನಾನಲ್ಲ ಮೇಡಂ. ನಮ್ಮ ಹೊಸ ಹುಡುಗಿ. ನಿನ್ನೆಯೇ ಬೈದಿದ್ದೀನಿ. ಇವತ್ತೇ ಎಲ್ಲಾ ತೆಗೆಸ್ತೀನಿ.”

“ಅಯ್ಯೋ, ತೆಗೀಬೇಡಿ ಸಾರ್! ನಂಗೆ ಕಣ್ಣು ಕಾಣಲ್ಲ. ಕಂಪ್ಯೂಟರ್ ಓದಿ ಹೇಳೋದನ್ನ ಕೇಳ್ಕೊಂಡೇ ಕೆಲಸ ಮಾಡ್ತೀನಿ. ಅದು ಬರೀ ಅಂಕಿ, ಅಕ್ಷರ ಓದಿದ್ರೆ ಯಾವುದು ಏನು ಅಂತ ಪಕ್ಕದವರನ್ನ ಕೇಳ್ಬೇಕಾಗ್ತಿತ್ತು. ಇವತ್ತು ಯಾರನ್ನೂ ಕೇಳ್ದೇ ಮುಗಿಸ್ದೆ.”

ಹುಡುಗಿ ಕೀಬೋರ್ಡಿನಿಂದ ತಲೆಯೆತ್ತಲಿಲ್ಲ.

“ಅವರಿಗೊಂದು ಥ್ಯಾಂಕ್ಸ್ ಹೇಳ್ಬೇಕಿತ್ತು. ಹೆಸರೇನು ಸಾರ್ ಅವರ್ದು?”

ಅವನು ಮೆಲ್ಲಗೆ ಹುಡುಗಿಯ ಕೊರಳಿನ ಐಡಿ ಕಾರ್ಡಿನತ್ತ ಕಣ್ಣು ಹಾಯಿಸಿದ. ಕಾರ್ಡು ತಿರುಗಿಕೊಂಡಿತ್ತು, ಕಂಡದ್ದು ಅದರ ಬಿಳಿಯ ಬೆನ್ನು ಮಾತ್ರ.