ಗುಂಡಿ ಹೋದ ಬಗೆ

"ಗುಂಡಿ ಹೋಯ್ತು ಅಂತ ಹೇಳಕ್ಕೆ ಇಂಗ್ಲೀಷಲ್ಲಿ ಎಷ್ಟು ಮಾತಿದೆ ಕಣ್ಣು?" ಗೋಮತಿ ಕುರ್ಚಿಯ ತುದಿಯಲ್ಲಿ ಕೂತು ಕೇಳಿದಳು. ತಮಿಳರ ವಾಡಿಕೆಯಂತೆ ಅವಳಿಗೆ ಅಕ್ಕರೆಯವರೆಲ್ಲ 'ಕಣ್ಣು'.

ಕಂಪ್ಯೂಟರಿನಲ್ಲಿ ಹೊರದೇಶದ ಅಂಗಡಿಯವರು ಕಳಿಸಿದ ಫೋಟೊ ಇತ್ತು. ಹಸುಗೂಸಿನ ಅಂಗಿ, ಕೊರಳ ಹತ್ತಿರದ ಗುಂಡಿ ಇಲ್ಲ. ತಿರುಪ್ಪೂರಿನ ಈ ಬನಿಯನ್ ಕಂಪನಿಯಲ್ಲಿ ಆ ಅಂಗಿಗೆ ಗುಂಡಿ ಹಾಕಿದವಳು ಗೋಮತಿ. ಉತ್ತರ ಬರೆಯಬೇಕಾದವಳು ದಾವಣಗೆರೆಯಿಂದ ಕೆಲಸಕ್ಕೆ ಬಂದ ಧನಶ್ರೀ. ಸಂಜೆಯೊಳಗೆ ಕಾರಣ ತಿಳಿಸಿಬಿಡು ಎಂದು ಹೇಳಿ ಮುದಲಾಳಿ, ಅಂದರೆ ಕಂಪನಿಯ ಯಜಮಾನರು, ಹೊರಗೆ ಹೋಗಿದ್ದರು.

"ಬೇಕಾದಷ್ಟಿದೆ ಗೋಮತಕ್ಕ. 'ಕೇಮ್ ಆಫ್' ಅಂದ್ರೆ ತಾನಾಗೇ ಕಳಚಿ ಬಂತು. 'ಪುಲ್ಡ್ ಆಫ್' ಅಂದ್ರೆ ಯಾರೋ ಎಳೆದು ಕಿತ್ತರು. ಬರೀ ಬಿಚ್ಚಿಕೊಂಡಿದ್ರೆ 'ಕೇಮ್ ಅನ್‌ಡನ್'."

"ಅಡಡಾ! ಒಂದು ಗುಂಡಿಗೆ ಇಷ್ಟು ಥರ ಸಾವಾ? ಇದರಲ್ಲಿ ನನ್ನನ್ನ ಮನೆಗೆ ಕಳಿಸೋದು ಯಾವುದು?"

ಧನಶ್ರೀ ನಗಲಿಲ್ಲ. "ಮೊದಲನೇದು. ಹೊಲಿಗೆ ಸರಿಯಿಲ್ಲ ಅಂತ ಅಂಗಡಿಗಳಿಂದ ಎಲ್ಲಾ ಪೀಸೂ ವಾಪಸ್ ತರಿಸ್ತಾರೆ. ಮುದಲಾಳಿ ನಿಮ್ಮನ್ನ ಸುಮ್ನೆ ಬಿಡ್ತಾರಾ? ಎರಡನೇದಾದ್ರೆ ತಪ್ಪು ಎಳೆದವರದು. ಅಲ್ಲಿಗೆ ಮುಗೀತು."

"ಹಾಗಾದ್ರೆ ಎರಡನೇದೇ ಬರಿ ತಾಯೀ."

"ಬರೀಬಹುದು. ಆದ್ರೆ ಯಾವುದು ನಿಜ ಅಂತ ನೋಡಬೇಡ್ವಾ?"

ಗೋಮತಿ ಎದ್ದು, ಅದೇ ಲಾಟಿನ ಒಂದು ಅಂಗಿ ತಂದಳು. ಕೊರಳ ಗುಂಡಿಯನ್ನು ಉಗುರಿನಲ್ಲಿ ಹಿಡಿದು ತಿರುಚಿದಳು, ಜಗ್ಗಿದಳು. ಗುಂಡಿ ಅಲ್ಲಾಡಲಿಲ್ಲ. ಧನಶ್ರೀಯೂ ಕೈಹಾಕಿ ಹಲ್ಲು ಕಚ್ಚಿ ಎಳೆದಳು. ಉಗುರು ನೊಂದದ್ದೇ ಬಂತು.

"ನೋಡಿದ್ಯಾ? ನನ್ನ ಕೈಗುಣ!" ಗೋಮತಿ ಬೀಗಿದಳು. ಧನಶ್ರೀ ನಗುತ್ತ 'ಪುಲ್ಡ್' ಎಂದು ಬರೆಯತೊಡಗಿದಳು.

"ಇರು ಕಣ್ಣು. ಎಳೆದವರು ಯಾರಂತೆ?"

"ಅಂಗಿ ಹಾಕಿದ್ದು ಆರು ತಿಂಗಳ ಮಗುಗೆ. ಗುಂಡಿ ತೊಟ್ಟಿಲಲ್ಲಿ ಸಿಕ್ತಂತೆ."

"ನಮ್ಮಿಬ್ಬರಿಗೆ ಇಲ್ಲದ ಬಲ ಆ ಪಾಪುಗೆ ಎಲ್ಲಿಂದ ಬಂತು?"

ಗೋಮತಿ ಅದನ್ನು ಕೇಳಬೇಕಾಗಿರಲಿಲ್ಲ. 'ಪುಲ್ಡ್ ಆಫ್' ಎಂಬ ಎರಡನೆಯ ಮಾತು ಅವಳನ್ನು ಕಾಪಾಡಿಯೇ ಆಗಿತ್ತು. ಆದರೂ ಗೋಮತಿಗೆ ಮನಸ್ಸು ತಡೆಯಲಿಲ್ಲ. ಮನೆಯಲ್ಲಿ ಮೊಮ್ಮಗಳು ಏನು ಸಿಕ್ಕರೂ ಎಳೆಯುವುದಿಲ್ಲ, ಬಾಯಿಗೆ ತುರುಕಿಕೊಳ್ಳುತ್ತಾಳೆ. ಗೋಮತಿ ಅಂಗಿಯನ್ನು ಬಾಯಿಗೆ ತಂದಳು. ಹಲ್ಲು ಸೋಕದಂತೆ, ತುಟಿಯಲ್ಲಿ ಹಿಡಿದು ಚೀಪಿದಳು. ನೂಲು ನೆನೆಯಿತು. ನಾಲಿಗೆಯಿಂದ ಗುಂಡಿಯನ್ನು ಆ ಕಡೆ ಈ ಕಡೆ ಹೊರಳಿಸಿದಳು.

"ಅಯ್ಯೋ, ಇದೇನಕ್ಕ ಎಳೆಗೂಸಿನ ಹಾಗೆ!" ಧನಶ್ರೀಗೆ ನಗು ತಡೆಯಲಾಗಲಿಲ್ಲ.

ಗೋಮತಿಯ ಬಾಯಿ ಇದ್ದಕ್ಕಿದ್ದಂತೆ ನಿಂತಿತು. ಅಂಗಿಯನ್ನು ಮೆಲ್ಲಗೆ ಮಡಿಲಿಗೆ ಇಳಿಸಿದಳು. ಕೆಳಗಿನ ಅಂತಸ್ತಿನಿಂದ ಮಿಷನ್‌ಗಳ ಸದ್ದು ಬರುತ್ತಿತ್ತು.

"ಕಳಿಸಿಬಿಡ್ಲಾ ಅಕ್ಕ? 'ಪುಲ್ಡ್ ಆಫ್' ಅಂತಲೇ?"

ಗೋಮತಿ ಬಿಗಿದ ತುಟಿಯಲ್ಲೇ ಧನಶ್ರೀಯ ಕಡೆಗೆ ತಿರುಗಿ, ನಾಲಿಗೆ ಹೊರಗೆ ಚಾಚಿದಳು. ಅದರ ಮೇಲೆ ಬಿಳಿ ಗುಂಡಿ, ಒದ್ದೆ ನೂಲಿನ ಬಾಲದೊಂದಿಗೆ.