ಸೋಲಾಪುರದ ದಾರಿಯಲ್ಲಿ ಶೆಟ್ಟೆವ್ವ

ತಬ್ರೇಜ ಬ್ರೇಕ್ ಒತ್ತದಿದ್ದರೆ ಆ ಹೆಂಗಸು ಪಿಕಪ್ಪಿನ ಕೆಳಗೇ ಬರುತ್ತಿದ್ದಳು. ಝಳಕಿಯ ಚಹಾದಂಗಡಿಯ ಮುಂದೆ, ರಸ್ತೆಯ ನಟ್ಟನಡುವೆ ಕೈ ಅಡ್ಡ ಹಿಡಿದು ನಿಂತಿದ್ದಳು. ಐವತ್ತೈದು ದಾಟಿದ ವಯಸ್ಸು. ಕಣ್ಣಲ್ಲಿ ಕೆಂಡ.

ಕೇಳದೆಯೇ ಹತ್ತಿ ಕೂತಳು. "ಮುಂದ ಒಂದು ಬಿಳಿ ಟೆಂಪೋ ಹೋತ್ರಿ. ಅದನ್ನ ಹಿಡೀರಿ. ಒಳಗ ನನ್ನ ಮಗ ಅದಾನ."

ಹೆಸರು ಶೆಟ್ಟೆವ್ವ, ಊರು ತಾಂಬಾ. ಮಗ ಸುನೀಲಕುಮಾರ, ಅವನ ಮೂವರು ಗೆಳೆಯರು, ಒಂದು ಬ್ಯಾಂಡು. ಸಿಂದಗಿಯಲ್ಲಿ ಕೇಳುವವರಿರಲಿಲ್ಲ. ಮುದ್ದೇಬಿಹಾಳದಲ್ಲಿ ನಡುವೆಯೇ ಕರೆಂಟು ತೆಗೆದರು. ಇವತ್ತು ಮೊದಲ ಸಲ ಗಡಿಯಾಚೆ, ಸೋಲಾಪುರದಲ್ಲಿ ಕಾರ್ಯಕ್ರಮ, ನಾಲ್ಕಕ್ಕೆ ಶುರು.

"ಮನ್ಯಾಗ ಭಾಳ ಸಪ್ಪಳೇನ್ರಿ?" ತಬ್ರೇಜ ಕೇಳಿದ.

"ಐದು ವರ್ಷಾತು, ಓಣ್ಯಾಗ ಯಾರಿಗೂ ನೆಮ್ಮದಿಲ್ಲ. ಮುಂಜಾನಿಂದ ಢಮಢಮ. ಮಂದಿ ಬಾಗಿಲಿಗೆ ಬಂದು ಬೈತಾರ."

ತಬ್ರೇಜ ಫೋನು ಚಾಚಿದ. ಆಕೆ ಅದರತ್ತ ನೋಡಲೂ ಇಲ್ಲ. "ಫೋನಿನ್ಯಾಗೇನು ಮಾತು? ಅವರು ಶುರು ಮಾಡೂದ್ರಾಗ ನಾ ಅಲ್ಲಿರಬೇಕು."

ತಬ್ರೇಜನಿಗೆ ಹಳೆಯ ಸಿಟ್ಟು ಮರುಕಳಿಸಿತು. ಹದಿನೇಳರಲ್ಲಿ ಅವನಿಗೂ ಒಂದು ಬ್ಯಾಂಜೊ ಇತ್ತು. ಲಗ್ನದ ಹಂದರದಲ್ಲಿ, ಮಂದಿಯ ಎದುರಿಗೆ, ಅಪ್ಪ ಅದನ್ನು ತುಳಿದು ಮುರಿದಿದ್ದ. ಇನ್ನೊಬ್ಬ ಹುಡುಗನಿಗೆ ಹಾಗಾಗಲು ತನ್ನ ಗಾಡಿಯೇ ಬೇಕೆ? ಮೂರು ಹಾಡಾದರೂ ಮುಗಿಯಲಿ.

ವೇಗ ಇಳಿಸಿದ. ಡೀಸೆಲ್ಲಿನ ನೆಪ, ಗಾಲಿಗೆ ಗಾಳಿಯ ನೆಪ, ಇಂಡಿಯಿಂದ ಹೇರಿ ತಂದ ನಿಂಬೆಹಣ್ಣಿನ ಚೀಲ ಬಿಗಿಯುವ ನೆಪ. ಶೆಟ್ಟೆವ್ವ ಹಲ್ಲು ಕಡಿದಳು. "ನಿಮ್ಮ ಗಾಡಿಗಿಂತ ಚಕ್ಕಡಿ ಪಾಡ್ರಿ."

ಸಭಾಂಗಣ ಮುಟ್ಟಿದಾಗ ಐದೂಕಾಲು. ಒಳಗೆ ಹಾಡು ಕೇಳಿಸಲಿಲ್ಲ. ಕೇಳಿಸಿದ್ದು ಮರಾಠಿ ಬೈಗುಳ, ಶಿಳ್ಳೆ. ವೇದಿಕೆಯ ಮೇಲೆ ನಾಲ್ವರು ಹುಡುಗರು ಬೆವರುತ್ತ ನಿಂತಿದ್ದರು. ತಾಯಿಯನ್ನು ಕಂಡದ್ದೇ ಸುನೀಲಕುಮಾರ ಎರಡೂ ಕೈ ಜೋಡಿಸಿದ. "ತಪ್ಪಾತವ್ವ."

ತಬ್ರೇಜ ಓಡಿಬಂದು ಮೆಟ್ಟಿಲಿಗೆ ಅಡ್ಡ ನಿಂತ. "ಮಂದಿ ಮುಂದ ಬಾರಿಸಬ್ಯಾಡ್ರಿ, ಅವ್ವಾರ. ಜನ್ಮಪೂರ್ತಿ ಮರಿಯೂದಿಲ್ಲ ಅಂವ."

"ಬಾಜೂಕ ಸರೀರಿ," ಅಂದಳು ಶೆಟ್ಟೆವ್ವ. "ಬಾರಸಾಕಂತನ ಬಂದೇನಿ."

ಸೆರಗನ್ನು ಟೊಂಕಕ್ಕೆ ಸಿಗಿಸಿ, ಚಹಾದಂಗಡಿಯಲ್ಲಿ ತನ್ನನ್ನು ಮರೆತುಬಂದ ನಾಲ್ವರನ್ನೂ ದುರುಗುಟ್ಟಿ ನೋಡಿ, ಆಕೆ ಡ್ರಮ್ಮುಗಳ ಹಿಂದೆ ಖಾಲಿಯಿದ್ದ ತನ್ನ ಜಾಗದಲ್ಲಿ ಕುಳಿತಳು.