ಕೂಸಿನ ಕಾವಲು

ಬಾಡಿದ ಮಲ್ಲಿಗೆಯ ವಾಸನೆ ಬಂದರೆ ಈ ವಯಸ್ಸಿನಲ್ಲೂ ನಾನು ಮೊದಲು ಪಾಯಿಖಾನೆ ಎಲ್ಲಿದೆ ಎಂದು ನೋಡಿಕೊಳ್ಳುತ್ತೇನೆ.

ನಾನು ಚಿಕ್ಕವನಿದ್ದಾಗ ಒಂದು ದಿನ ಹಡಗಲಿಯ ತೋಟದಲ್ಲಿ ಮಲ್ಲಿಗೆ ಬಿಡಿಸಿ ಬಂದ ಅವ್ವ, ಮಡಿಲ ಮೊಗ್ಗನ್ನೂ ಕೊಡವದೆ, ಒಣಗಿದ್ದ ಒಂದೇ ಕೌದಿಯ ಮೇಲೆ ತಮ್ಮನ ಪಕ್ಕ ನಿದ್ದೆ ಹೋಗಿದ್ದಳು. ತಮ್ಮ ಒದ್ದೆ ಮಾಡಿದ್ದ ಉಳಿದ ಕೌದಿಗಳನ್ನು ಒಗೆಯಲು ಹೊರಟ ಅಜ್ಜಿ ನನ್ನನ್ನು ಕಾವಲಿಗೆ ಕೂರಿಸಿದಳು.

"ಕೂಸು ಮಾರಿ ಕೆಂಪಗ ಮಾಡಿ ಕಾಲು ಬಡಿದ್ರ, ಎತ್ತಿ ನಿನ್ನ ಪಾದದ ಮ್ಯಾಲೆ ಕುಂದ್ರಿಸಿ ಸ್ಸ್ ಅನ್ನು. ಕೌದಿ ತೊಯ್ದು ನಿಮ್ಮವ್ವ ಎದ್ದಳೋ, ನೋಡು ಮತ್ತ!"

ಕೂಸು ಆಕಳಿಸಿದರೂ ನನಗೆ ಗಾಬರಿ. ಎತ್ತಿದೆ, ಸ್ಸ್ ಎಂದೆ, ಮಲಗಿಸಿದೆ, ಮತ್ತೆ ಎತ್ತಿದೆ. ಅವನು ಒಂದು ಹನಿಯೂ ಬಿಡಲಿಲ್ಲ. ಸ್ಸ್ ಸ್ಸ್ ಎನ್ನುತ್ತಾ ನನಗೇ ಅವಸರವಾಯಿತು. ಅವನನ್ನು ಬಿಟ್ಟೇಳಲು ಧೈರ್ಯ ಬರಲಿಲ್ಲ.

ಅಜ್ಜಿ ಬಂದು ತಡವಿ ನೋಡಿದಳು. "ಕೂಸು ತೊಯ್ದಿಲ್ಲ. ನಿನ್ನ ಚಡ್ಡಿ ಯಾಕಲೇ ತೊಯ್ದೈತಿ?"

ಅವ್ವ ಕಣ್ಣು ತೆರೆಯದೆಯೇ ನಕ್ಕು, ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹೋದಳು.